ಪೋಸ್ಟರ್ ಅಂಟಿಸುವ ದಿನ ಅದಾಗಿರದಿದ್ದರೆ?

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ನರ್ಸುಗಳೆಲ್ಲ ಒಂದೇ, ಯಾರನ್ನು ಯಾವ ವಾರ್ಡಿಗೆ ಹಾಕಿದರೂ ನಡೆಯುತ್ತದೆ ಎಂಬ ತಮ್ಮ ಆದೇಶದಿಂದ ನನ್ನ ಹೆಂಡತಿ ಸಾಯುವುದರಲ್ಲಿದ್ದಳು. ಸಾಯಲಿಲ್ಲ. ಅದಕ್ಕೇ ಈ ಪತ್ರ ಇಷ್ಟು ನಗುಮುಖದಲ್ಲಿದೆ.

ನಾನು ಕಾರು ಓಡಿಸಲು ಕಲಿಸುವ ಮಾಸ್ತರ. ಕಲಿಯುವವರು ಚರಂಡಿಯ ಕಡೆ ಹೊರಟರೆ ತಡೆಯಲು ನನ್ನ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ತಮ್ಮ ಐಸಿಯುವಿನಲ್ಲಿ ಕಲಿಯುವವರ ಪಕ್ಕ ಯಾರಿರುತ್ತಾರೆ ಸ್ವಾಮಿ?

ನ್ಯುಮೋನಿಯಾ ಬಂದು ನನ್ನವಳು ಅಲ್ಲಿ ಉಸಿರಾಟದ ಯಂತ್ರದ ಮೇಲಿದ್ದಳು. ಐಸಿಯುವಿನಲ್ಲೇ ಪಳಗಿದ ದೊಡ್ಡ ಸಿಸ್ಟರ್ ನೋಡಿಕೊಳ್ಳುತ್ತಿದ್ದರು. ತಾವು ಅವರನ್ನು ಬಡ್ತಿ ಕೊಟ್ಟು ಗುಣಮಟ್ಟ ವಿಭಾಗದ ಕುರ್ಚಿಯಲ್ಲಿ ಕೂರಿಸಿದಿರಿ. ರೋಗಿಯ ಪಕ್ಕದಲ್ಲಿದ್ದ ಗುಣಮಟ್ಟವನ್ನು ಎತ್ತಿ ಗುಣಮಟ್ಟ ವಿಭಾಗಕ್ಕೆ ಕಳಿಸುವ ಜಾಣತನ ಎಲ್ಲರಿಗೂ ಬರುವುದಿಲ್ಲ ಬಿಡಿ. ಅವರ ಜಾಗಕ್ಕೆ ಕಣ್ಣಿನ ವಾರ್ಡಿನಿಂದ ಒಬ್ಬ ಹೊಸ ಹುಡುಗಿ ಬಂದಳು. ತರಬೇತಿ? ಬಟನ್‌ಗಳ ಹೆಸರು ಹೇಳಿಕೊಟ್ಟರಂತೆ.

ನಾನು ನೋಡಲು ಹೋಗಿದ್ದಾಗಲೇ ಅದು ಆಯಿತು. ಹುಡುಗಿ ನನ್ನವಳನ್ನು ಮಗ್ಗುಲಿಗೆ ಹೊರಳಿಸಿದಳು, ಯಂತ್ರದ ಕೊಳವೆ ಕಳಚಿತು, ಅಲಾರಂ ಕಿರುಚಿತು. ಹುಡುಗಿ ಸದ್ದು ನಿಲ್ಲಿಸುವ ಬಟನ್ ಒತ್ತಿದಳು. ಮತ್ತೆ ಕಿರುಚಿತು, ಮತ್ತೆ ಒತ್ತಿದಳು. ಅವಳ ಕಣ್ಣು ಪರದೆಯ ಮೇಲೆ, ನನ್ನ ಕಣ್ಣು ಹೆಂಡತಿಯ ನೀಲಿಗಟ್ಟುತ್ತಿದ್ದ ತುಟಿಯ ಮೇಲೆ.

"ಯಾರಾದ್ರೂ ಬನ್ನೀ!" ಎಂದು ಕೂಗಿಕೊಂಡೆ.

ಓಡಿಬಂದವರು ದೊಡ್ಡ ಸಿಸ್ಟರ್. ಅವರು ಅಲ್ಲಿಗೆ ಬಂದಿದ್ದು ಯಾಕೆ ಗೊತ್ತೇ? 'ಸುರಕ್ಷತೆಯೇ ನಮ್ಮ ಉಸಿರು' ಎಂಬ ತಮ್ಮ ಪೋಸ್ಟರನ್ನು ಗೋಡೆಗೆ ಅಂಟಿಸಲು! ಪೋಸ್ಟರ್ ನೆಲಕ್ಕೆ ಬಿತ್ತು, ಕೊಳವೆ ಸೇರಿಕೊಂಡಿತು, ತುಟಿಗೆ ಬಣ್ಣ ಬಂತು. ಪೋಸ್ಟರಿನಿಂದ ಜೀವ ಉಳಿದ ಮೊದಲ ರೋಗಿ ಬಹುಶಃ ನನ್ನ ಹೆಂಡತಿಯೇ.

ಆಮೇಲೆ ತಾವು ಚುರುಕಾಗಿ ಕ್ರಮ ಕೈಗೊಂಡಿರಿ: ಹುಡುಗಿ ಅಮಾನತು, ದೊಡ್ಡ ಸಿಸ್ಟರ್ ವಾಪಸ್ ಕುರ್ಚಿಗೆ, ಆದೇಶ ಮಾತ್ರ ಇದ್ದಲ್ಲೇ ಭದ್ರ.

ಹೆಂಡತಿ ಮನೆಗೆ ಬಂದ ಮೇಲೆ ಆ ಹುಡುಗಿ ನೋಡಲು ಬಂದಳು. ನಾನು ಮುಖ ಗಂಟಿಕ್ಕಿಕೊಂಡೇ ಬಾಗಿಲು ತೆಗೆದೆ. ಹೆಂಡತಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಕ್ಷಮಿಸಿ ಅಕ್ಕಾ. ಏನ್ ಮಾಡ್ಬೇಕೂಂತ ಗೊತ್ತಾಗ್ಲಿಲ್ಲ."

"ಕೇಳೋಕೆ ಯಾರಾದ್ರೂ ಇದ್ರಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿ ಅತ್ತುಬಿಟ್ಟಳು. ಹೆಂಡತಿ ನನ್ನ ಕಡೆ ತಿರುಗಿ, "ರೀ, ಸುಮ್ನೆ ನಿಂತಿದ್ದೀರಲ್ಲ, ಮಗೂಗೆ ಕಾಫಿ ಮಾಡಿ" ಎಂದು ಗದರಿದಳು. ಗಂಟಲು ಇನ್ನೂ ಗೊಗ್ಗರಾಗಿತ್ತು. ಅಷ್ಟು ಇಂಪಾದ ಗದರಿಕೆಯನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅಮಾನತು ರದ್ದು ಮಾಡಿ. ದೊಡ್ಡ ಸಿಸ್ಟರನ್ನು ಬಡ್ತಿ, ಸಂಬಳದ ಸಮೇತ ಐಸಿಯುವಿಗೇ ಕಳಿಸಿ. ಹುಡುಗಿ ಅವರ ಪಕ್ಕದಲ್ಲಿ ನಿಂತು ಕಲಿಯಲಿ. "ಇನ್ನು ಇವಳೊಬ್ಬಳೇ ನೋಡಿಕೊಳ್ಳಬಲ್ಲಳು" ಎಂದು ಅವರು ಹೇಳುವ ತನಕ ಯಾವ ರೋಗಿಯನ್ನೂ ಅವಳೊಬ್ಬಳಿಗೇ ಒಪ್ಪಿಸಬೇಡಿ. ಪೋಸ್ಟರನ್ನು ಬೇಕಾದರೆ ನಾನೇ ಬಂದು ಅಂಟಿಸಿಕೊಡುತ್ತೇನೆ, ಪುಕ್ಕಟೆ.

ಇಂತಿ,
ಬೈಸಿಕೊಳ್ಳುವ ಭಾಗ್ಯ ಕೂದಲೆಳೆಯಲ್ಲಿ ಉಳಿದ ಒಬ್ಬ ಗಂಡ