ಅರ್ಜೆಂಟೀನಾ ಹೋದ ಸಂಜೆ

ಚೌಡಾಪುರ
19 ಡಿಸೆಂಬರ್ 2022

ಅಣ್ಣ,

ನಿನ್ನ ಬ್ರೆಜಿಲ್ ಕ್ವಾರ್ಟರ್ ಫೈನಲ್‌ನಲ್ಲೇ ಗಂಟುಮೂಟೆ ಕಟ್ಟಿದ ದುಃಖ ಈಗ ಆರಿರಬೇಕು. ನನ್ನ ವಿಶ್ವಕಪ್ ಹೇಗಾಯಿತು ಕೇಳು. ಸೌದಿಯವರೆದುರು ಅರ್ಜೆಂಟೀನಾ ಸೋತ ಸಂಜೆ, ಈ ಊರಿನ ಶಾಲೆಗೆ ಹೊಸದಾಗಿ ಬಂದ ಗೌರವಾನ್ವಿತ ಟೀಚರು, ಅಂದರೆ ನಿನ್ನ ತಂಗಿ, ಮೊಬೈಲ್ ಹಿಡಿದು ಗೊಳೋ ಎಂದು ಅತ್ತಳು. ಮನೆ ಮಾಲಕಿ ಗುರಮ್ಮ ಓಡಿ ಬಂದರು.

"ಯಾಕವ್ವಾ ಹಿಂಗ ಅಳಾಕತ್ತಿ?"

"ಅರ್ಜೆಂಟೀನಾ ಹೋಯ್ತ್ರಿ."

"ಅಯ್ಯ ಶಿವನೇ! ಭಾಳ ಹತ್ತರದವ್ರೇನು?"

"ಸಣ್ಣಾಕಿ ಇದ್ದಾಗಿಂದ," ಎಂದೆ.

ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಓಣಿಯವರೆಲ್ಲ ರೊಟ್ಟಿ, ಪುಂಡಿಪಲ್ಯ ತಂದಿಟ್ಟರು. ನಿಜ ಹೇಳಬೇಕೆಂದುಕೊಂಡೆ, ಆದರೆ ಪಲ್ಯ ಬಹಳ ರುಚಿಯಾಗಿತ್ತು.

ನಿನ್ನೆ ಅದೇ ಅರ್ಜೆಂಟೀನಾ ಪೆನಾಲ್ಟಿಯಲ್ಲಿ ಕಪ್ ಗೆದ್ದಾಗ ಖುಷಿಗೆ ಕಿರುಚಿಕೊಂಡು ಮತ್ತೆ ಅತ್ತೆ. ಗುರಮ್ಮ ಮತ್ತೆ ಹಾಜರು.

"ಈ ಸಲ ಯಾರು ಹೋದ್ರವ್ವಾ?"

"ಫ್ರಾನ್ಸ್."

"ಅವ್ರೂ ನಿಮ್ಮವ್ರೇನು?"

"ಅಲ್ರಿ, ಅವ್ರು ನಮಗ ಆಗದವ್ರು."

ಗುರಮ್ಮ ನನ್ನ ತಲೆ ಸವರಿದರು. "ಸತ್ತವ್ರ ಮ್ಯಾಲ ಸಿಟ್ಟು ಇಟ್ಕೋಬಾರದವ್ವಾ," ಎಂದು ಬುದ್ಧಿ ಹೇಳಿ ಹೋದರು.

ಗಂಟಲು ಪೂರ್ತಿ ಕಟ್ಟಿದೆ, ಅದಕ್ಕೇ ಫೋನ್ ಬಿಟ್ಟು ಈ ಕಾರ್ಡು. ಅವ್ವ ಕೇಳಿದರೆ ನನಗೆ ನೆಗಡಿ ಎಂದು ಹೇಳು.

ಮೃಣಾಲಿನಿ