ವರ್ಷದ ನಗು

ಮನೆಯಿಂದ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಮ್ಮ? ಬೆನ್ನುನೋವು ಕಡಿಮೆಯಾಯಿತೇ? ನಿನ್ನ ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ನೀನೇ ಹೇಳಲಿ ಎಂದು ಕಾದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡು. ನಾನು ಚೆನ್ನಾಗಿದ್ದೇನೆ. ಒಬ್ಬನಿಗಷ್ಟೇ ಅಡುಗೆ ಮಾಡುವುದು ಮಾತ್ರ ಇನ್ನೂ ಕೈಹತ್ತಿಲ್ಲ. ಮೂರು ವರ್ಷವಾದರೂ ಅಳತೆ ತಪ್ಪುತ್ತದೆ, ಮಿಕ್ಕಿದ್ದನ್ನೇ ಮಾರನೆಯ ದಿನವೂ ಉಣ್ಣುತ್ತೇನೆ.

ಈಗ ಸುದ್ದಿ. ನಂಬಿದರೆ ನಂಬು, ನಿನ್ನ ಅಪ್ಪ ಮೊನ್ನೆ ಶನಿವಾರ ಮಧ್ಯಾಹ್ನ ತಾರೆಯರ ಸಮಾರಂಭಕ್ಕೆ ಹೋಗಿದ್ದ. ವಾರಪತ್ರಿಕೆಯೊಂದು ವರ್ಷಕ್ಕೊಮ್ಮೆ ತಮಾಷೆಗೆಂದು ಹೆಸರಾಂತವರ ಅಂದಚಂದಕ್ಕೆ ಬಹುಮಾನ ಕೊಡುತ್ತದಲ್ಲ, ಅದಕ್ಕೆ. ವಾರ್ತೆ ಓದುವವನಿಗೆ ವರ್ಷದ ಮೀಸೆ. ವರ್ಷದ ಬೋಳುತಲೆ ಪಡೆದ ಮುದಿ ಹಾಸ್ಯನಟ, ಇದಕ್ಕಾಗಿ ತಾನೇನೂ ಕಷ್ಟಪಟ್ಟಿಲ್ಲ, ಎಲ್ಲ ತಾನಾಗಿಯೇ ಉದುರಿತು ಎಂದು ಹೇಳಿ ಎಲ್ಲರನ್ನೂ ನಗಿಸಿದ. ವರ್ಷದ ನಗು ಬಂದದ್ದು ಸಂಜೆಯ ಧಾರಾವಾಹಿಯ ನಾಯಕಿಗೆ. ಅವಳ ಮುಂದಿನ ಎರಡು ಹಲ್ಲು ಮಾಡಿದವನು ನಾನು. ಯಾರ ಮುಂದೆಯೂ ಬಾಯಿಬಿಡಕೂಡದೆಂದು ಅವಳ ಹಲ್ಲಿನ ಡಾಕ್ಟರು ಆಣೆ ಹಾಕಿಸಿದ್ದಾರೆ, ನೀನೂ ಹೊಟ್ಟೆಯಲ್ಲಿಟ್ಟುಕೋ.

ಹೋದ ವರ್ಷ ಚಿತ್ರೀಕರಣದಲ್ಲಿ ಮೆಟ್ಟಿಲಿನಿಂದ ಬಿದ್ದು ಅವಳ ಹಲ್ಲು ಮುರಿದವು. ಡಾಕ್ಟರು ಅಚ್ಚು ತೆಗೆದು ನನ್ನ ಲ್ಯಾಬಿಗೆ ಕಳಿಸಿದರು. ನಾನು ಮುತ್ತು ಪೋಣಿಸಿದಂತೆ ನೇರವಾದ ಎರಡು ಹಲ್ಲು ಮಾಡಿಕೊಟ್ಟೆ. ಹಾಕಿ ಕನ್ನಡಿ ನೋಡಿಕೊಂಡವಳೇ ಅತ್ತಳಂತೆ. ಇನ್ನೊಂದು ಜೊತೆ ಮಾಡಿದೆ. ಅದೂ ವಾಪಸು ಬಂತು, ಬಾಯಿ ತನ್ನದು ಅನಿಸುವುದಿಲ್ಲ ಎಂದು. ಮೂವತ್ತು ವರ್ಷದ ಕೆಲಸದಲ್ಲಿ ಹೀಗಾಗಿರಲಿಲ್ಲ. ಆಮೇಲೆ ಮೇಲಿನ ಹಲಗೆಯಿಂದ, ನಿನಗೆ ಹದಿನಾಲ್ಕು ವರ್ಷವಾಗಿದ್ದಾಗ ತೆಗೆದಿದ್ದ ನಿನ್ನ ಹಲ್ಲಿನ ಅಚ್ಚು ಇಳಿಸಿದೆ. ಎಡಗಡೆಯದು ಪಕ್ಕದ್ದರ ಮೇಲೆ ತುಸು ಏರಿ ಕೂತಿದೆ. ತಂತಿ ಹಾಕಿಸೋಣವೆಂದರೆ ನಿನ್ನಮ್ಮ ಬಿಟ್ಟಿರಲಿಲ್ಲ. "ಅದು ಹಾಗೇ ಇರ್ಲಿ, ಅವಳು ನಕ್ಕಾಗ ಮೊದಲು ಕಾಣೋದೇ ಅದು" ಅಂದಿದ್ದಳು. ಅದನ್ನೇ ಎದುರಿಗಿಟ್ಟುಕೊಂಡು ನಾಲ್ಕು ದಿನ ಕೂತು ಮಾಡಿದೆ. ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ. ಫೋನು ಮಾಡಿದರೆ ನೀನು ಎತ್ತುತ್ತೀಯೋ ಇಲ್ಲವೋ ಎಂಬ ಅಳುಕು.

ಡಾಕ್ಟರು ಎರಡು ಪಾಸು ಕೊಟ್ಟಿದ್ದರು. ಪಕ್ಕದ ಕುರ್ಚಿಯಲ್ಲಿ ನನ್ನ ಕೋಟು ಕೂತಿತ್ತು. ಅವಳು ವೇದಿಕೆಗೆ ಬಂದು ನಕ್ಕಾಗ ದೊಡ್ಡ ಪರದೆಯ ಮೇಲೆ ಆ ಹಲ್ಲು ಕಂಡಿತು. ಸಭಾಂಗಣವೆಲ್ಲ ಚಪ್ಪಾಳೆ ಹೊಡೆಯಿತು. ನನಗೆ ಕೈ ಎತ್ತಲಾಗಲಿಲ್ಲ ಗುಬ್ಬಿ. ಮೂರು ವರ್ಷದ ಮೇಲೆ ಆ ನಗು ನೋಡುತ್ತಿದ್ದೆ.

ಆಮೇಲೆ ಡಾಕ್ಟರು ನನ್ನನ್ನು ಅವಳ ಹತ್ತಿರ ಕರೆದೊಯ್ದರು. ಅವಳು ದನಿ ತಗ್ಗಿಸಿ ಕೇಳಿದಳು, "ಇದು ಯಾರದ್ದೋ ಹಲ್ಲು ನೋಡಿ ಮಾಡಿದ್ದು, ಅಲ್ವಾ?"

"ನನ್ನ ಮಗಳದು."

"ಅವರು ಬಂದಿಲ್ವಾ?"

ನಿನಗೆ ಕೆಲಸ ಜಾಸ್ತಿ ಎಂದುಬಿಟ್ಟೆ. ನಿನಗೆ ಥ್ಯಾಂಕ್ಸ್ ತಿಳಿಸಲು ಹೇಳಿದ್ದಾಳೆ, ತಿಳಿಸಿದ್ದೇನೆ.

ಮನೆಗೆ ಬಂದು ಕೋಟು ತಗುಲಿಹಾಕಿ, ಇದನ್ನೆಲ್ಲ ಯಾರಿಗೆ ಹೇಳಲಿ ಎಂದು ಅಡುಗೆಮನೆಯಲ್ಲೇ ನಿಂತಿದ್ದೆ. ನಿನ್ನಮ್ಮ ತೀರಿಕೊಂಡ ದಿನ ನಾನು ಲ್ಯಾಬಿನಲ್ಲಿದ್ದೆ. "ನಿಮಗೆ ಅಮ್ಮನಿಗಿಂತ ಊರವರ ಬಾಯೇ ಹೆಚ್ಚು" ಎಂದು ನೀನು ಅಂದೆ. ಅದಕ್ಕೆ ನಾನಾಡಿದ ಮಾತನ್ನು ಬರೆಯಲು ಕೈ ಬರುವುದಿಲ್ಲ. ಅವತ್ತು ನಾನು ತಿದ್ದುತ್ತಿದ್ದದ್ದು ಯಾರದೋ ಮದುವೆಗೆ ಬೇಕಾಗಿದ್ದ ಹಲ್ಲಿನ ಸೆಟ್ಟು. ಮದುವೆಗೆ ಇನ್ನೂ ಹತ್ತು ದಿನವಿತ್ತು. ನೀನು ಹೇಳಿದ್ದು ಸರಿ, ಮಗಳೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಚೆನ್ನಾಗಿರು.

ನಿನ್ನ
ಅಪ್ಪ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಇಪ್ಪತ್ತಾರಕ್ಕೆ ನನ್ನ ಬಲಗಣ್ಣಿನ ಪೊರೆ ತೆಗೆಯುತ್ತಾರೆ, ಹೆದರುವಂಥದ್ದೇನಿಲ್ಲ. ಜೊತೆಗೆ ಬರುವವರ ಹೆಸರು ಎಂದು ಫಾರಂನಲ್ಲಿ ಒಂದು ಸಾಲಿತ್ತು. ಗೊತ್ತಿಲ್ಲದಿದ್ದರೆ ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆಯಿರಿ ಎಂದಳು ನರ್ಸು. ನಾನು ಪೆನ್ನಿನಲ್ಲೇ ನಿನ್ನ ಹೆಸರು ಬರೆದುಬಿಟ್ಟೆ.