ಮೊದಲ ಹಿಡಿ ಪೈರು

ಲುಮಾಯಾ ಹಳ್ಳಿ,
ಜನವರಿ 24, ಶುಕ್ರವಾರ

ಸಿಂಗಪುರದ ತಣ್ಣನೆಯ ಕಚೇರಿಯಲ್ಲಿ ಕೂತು ಹೆತ್ತವಳನ್ನೇ ವಿಚಾರಣೆ ಮಾಡುತ್ತಿರುವ ನನ್ನ ಮಗಳು ಜೊವಿಟಾಗೆ,

ನಿಮ್ಮ ತಂಡಗಳನ್ನು ಇಲ್ಲಿ ಸುತ್ತಾಡಿಸುವ ರೋಡೆಲ್ ಕೈಯಲ್ಲಿ ನೀನು ಕಳಿಸಿದ್ದು ತಲುಪಿತು. ಅದನ್ನು ಕಾಗದ ಎನ್ನಬೇಕೋ ನೋಟೀಸು ಎನ್ನಬೇಕೋ ನನಗೆ ಗೊತ್ತಾಗಲಿಲ್ಲ. ಮೇಲೆ ಕಾಲೇಜು ಮಕ್ಕಳನ್ನು ಹಳ್ಳಿಹಳ್ಳಿಗೆ ಕಳಿಸುವ ನಿನ್ನ ಕಚೇರಿಯ ಗುರುತು, ಕೆಳಗೆ ನಿನ್ನ ಸಹಿ, ನಡುವೆ ಐದು ಪ್ರಶ್ನೆ. ಘಟನೆ ಎಷ್ಟು ಹೊತ್ತಿಗೆ ನಡೆಯಿತು, ವಿದ್ಯಾರ್ಥಿನಿಗೆ ಮೊದಲೇ ಎಚ್ಚರಿಕೆ ಕೊಡಲಾಗಿತ್ತೇ, ಸ್ಥಳೀಯರ ಭಾವನೆಗೆ ನೋವಾಗಿದೆಯೇ. ಸ್ಥಳೀಯರು ಅಂದರೆ ನಾನು ತಾನೇ? ನನಗೆ ನೋವಾಗಿದೆಯೇ ಎಂದು ಕೇಳಲು ನಿನಗೆ ಒಂದು ನಮೂನೆ ಬೇಕಾಯಿತು. ಫೋನಿನಲ್ಲಿ ಉತ್ತರ ಹೇಳೋಣವೆಂದರೆ ಸಿಗ್ನಲ್ಲಿಗಾಗಿ ಚರ್ಚಿನ ಗುಡ್ಡ ಹತ್ತಬೇಕು, ಹತ್ತಿದ ಮೇಲೆ ನೀನು ಮೀಟಿಂಗಿನಲ್ಲಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆಯ ಜೀಪ್ನಿ ಬಸ್ಸಿಗೆ ರೋಡೆಲ್ ಬಾಗಿಯೊ ಪಟ್ಟಣಕ್ಕೆ ಇಳಿಯುತ್ತಾನೆ, ಅಷ್ಟರೊಳಗೆ ಮುಗಿಸಬೇಕು.

ಮೊದಲು ನನ್ನ ಪ್ರಶ್ನೆ ಒಂದೇ ಒಂದು. ನೀನು ಯಾಕೆ ಬರಲಿಲ್ಲ?

"ಈ ಸಲ ಕಾಲೇಜಿನ ತಂಡದ ಜೊತೆ ನಾನೇ ಬರ್ತೀನಿ ಇನಾ, ನಾಟಿಗೆ ಸರಿಯಾಗಿ ದಿನ ಇಟ್ಕೊಂಡಿದ್ದೀನಿ" ಎಂದು ಅಕ್ಟೋಬರಿನಲ್ಲಿ ಹೇಳಿದವಳು ನೀನು. ಆ ಮಾತನ್ನು ನಾನು ಇಡೀ ಊರಿಗೆ ಹಂಚಿದ್ದೆ. ಔತಣಕ್ಕೆ ಹಂದಿ ಗೊತ್ತು ಮಾಡಿದೆ, ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದೆ. ಹೋದ ವಾರ ಸೋಮವಾರ ಜೀಪ್ನಿಯಿಂದ ಹದಿನಾರು ಮಕ್ಕಳು ಇಳಿದರು, ಅವರ ಮೇಡಂ ಇಳಿದರು, ಕೊನೆಗೆ ಕೈಯಲ್ಲಿ ಪಟ್ಟಿ ಹಿಡಿದುಕೊಂಡು ರೋಡೆಲ್ ಇಳಿದ. ನಾನು ಜೀಪ್ನಿಯೊಳಗೆ ಬಗ್ಗಿ ನೋಡಿದೆ. ಒಂದು ಹಸಿರು ಚೀಲ ಬಿಟ್ಟರೆ ಏನೂ ಇರಲಿಲ್ಲ. "ಜೊವಿಟಾ ಅಕ್ಕಂಗೆ ಅರ್ಜೆಂಟ್ ಕೆಲ್ಸ ಬಂತು, ನಿಮ್ಗೆ ಹೇಳ್ಲಿಲ್ವಾ?" ಎಂದು ಅವನು ಕೇಳಿದ. ಅಷ್ಟು ಜನರ ಎದುರು ನಾನು, "ಹೇಳಿದ್ಳು, ನಾನೇ ಮರ್ತೆ" ಎಂದೆ.

ಕ್ಲಾರಿಟಾ ಪಕ್ಕದಲ್ಲೇ ಇದ್ದಳು. ನನ್ನ ಅಕ್ಕನ ಮಗಳ ಬಾಯಿ ನಿನಗೆ ಗೊತ್ತಲ್ಲ. "ಚಿಕ್ಕಮ್ಮಾ, ತಾನೊಬ್ಳು ಬರೋ ಬದ್ಲು ಹದಿನಾರು ಜನಾನ ಕಳ್ಸಿದಾಳಲ್ಲ, ಲಾಭಾನೇ ಬಿಡಿ!" ಎಂದಳು. ಎಲ್ಲರೂ ನಕ್ಕರು, ಮಕ್ಕಳೂ ಅರ್ಥವಾಗದೆ ನಕ್ಕವು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಮುಖವಿಲ್ಲ. ನಿನ್ನ ಅಪ್ಪ ಹೋದಮೇಲೆ ನನ್ನ ಗದ್ದೆಯ ಬದು ಕಟ್ಟುತ್ತಿರುವವಳು ಅವಳೇ.

ನೀನು ಕಳಿಸಿದ ಮಕ್ಕಳು ಕೆಟ್ಟವರೆಂದು ನಾನು ಹೇಳುವುದಿಲ್ಲ. ಪಾಪ, ಚಳಿಯಲ್ಲಿ ನಡುಗುತ್ತಾ ನಗುತ್ತಿದ್ದರು. ಆದರೆ ಆ ಪಟ್ಟಿಯನ್ನು ಬರೆದವರು ಯಾರು? ಒಂಬತ್ತರಿಂದ ಒಂಬತ್ತೂಮುಕ್ಕಾಲು ಭತ್ತದ ನಾಟಿ, ಆಮೇಲೆ ಅರ್ಧ ಗಂಟೆ ಅನುಭವ ಹಂಚಿಕೆ! ನಾನು ಐವತ್ತು ವರ್ಷದಿಂದ ನಾಟಿ ಮಾಡುತ್ತಿದ್ದೇನೆ, ನನ್ನ ಅನುಭವ ಹಂಚಿಕೊಳ್ಳಲು ಯಾರೂ ಕೂರಿಸಲಿಲ್ಲ. ಮಂಗಳವಾರ ಶಾಲೆಯ ಗೋಡೆಗೆ ಬಣ್ಣ ಹೊಡೆದರು. ಹೋದ ವರ್ಷದ ತಂಡ ಹಳದಿ ಹೊಡೆದಿತ್ತು, ಅದಕ್ಕೂ ಹಿಂದಿನವರು ನೀಲಿ, ಇವರು ಮೋಡ ಮತ್ತು ಕಾಮನಬಿಲ್ಲು. ಹಿರಿಯ ಬಲುಸ್ದಾನ್ ಊರುಗೋಲು ಹಿಡಿದು ಬಂದು ನೋಡಿ, "ಚೆನ್ನಾಗಿದೆ ಕಣಮ್ಮ, ಸೂರು ಸೋರೋದು ಮಾತ್ರ ಹಾಗೇ ಇದೆ" ಎಂದು ಹೋದರು. ರೋಡೆಲ್ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಮೊದಲ ಅರ್ಧವನ್ನು ಮಾತ್ರ ತಿರುಗಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು.

ಎಲ್ಲರಿಗೂ ನನ್ನನ್ನು ಇನಾ ಎಂದು ಕರೆಯಲು ನೀನೇ ಹೇಳಿಕೊಟ್ಟಿದ್ದೆಯಂತೆ. ಒಳ್ಳೆಯದು. ಹೆತ್ತ ಮಗಳು ಬಂದು ಕರೆಯದಿದ್ದರೂ ಹದಿನಾರು ಮಂದಿ ಅಮ್ಮ ಎಂದು ಕರೆದರು.

ನಿನ್ನ ಪ್ರಶ್ನೆಪತ್ರಿಕೆಯಲ್ಲಿರುವ ಹುಡುಗಿ ನದೀರಾ. ಹತ್ತೊಂಬತ್ತು ವರ್ಷ, ತಲೆಗೆ ಬೂದು ಬಣ್ಣದ ಬಟ್ಟೆ ಕಟ್ಟುತ್ತಾಳೆ, ಮಲಯ್ ಮನೆಯವಳು. ಊರಿಗೆ ಊರೇ ಹಂದಿ ಸುಟ್ಟು ಪಾಲು ಹಂಚುತ್ತಿದ್ದಾಗ ಅವಳು ಒಂದು ಮೂಲೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ಹಂದಿ ತಿನ್ನದವಳೊಬ್ಬಳು ಬರುತ್ತಾಳೆಂದು ನೀನು ಒಂದು ಸಾಲು ಬರೆದಿದ್ದರೆ ನಿನ್ನ ಕೈ ಸವೆಯುತ್ತಿತ್ತೇ? ಹೊಸ ಮಡಕೆಯಲ್ಲಿ ಅವಳಿಗೆ ಗೆಣಸು ಬೇಯಿಸಿದೆ, ಸೀಮೆಬದನೆ ಕುಡಿ ಬಾಡಿಸಿದೆ. ಆಮೇಲೆ ಐದೂ ದಿನ ಅವಳು ನನ್ನ ಒಲೆಯ ಮುಂದೆಯೇ ಉಂಡಳು. ಕೆಲಸ ಹೇಳಿಸಿಕೊಳ್ಳದೆ ಮಾಡುವ ಹುಡುಗಿ. ಅವರ ಮಾತಿನಲ್ಲೂ ಕಣ್ಣಿಗೆ, ಮಗುವಿಗೆ ನಮ್ಮದೇ ಶಬ್ದಗಳಿವೆ. ಉಳಿದದ್ದಕ್ಕೆ ನನ್ನ ಮುರುಕು ಇಂಗ್ಲಿಷ್ ಸಾಕಾಯಿತು.

ಇನ್ನು ಬುಧವಾರದ ಮಾತು. ನಿನಗೆ ಗೊತ್ತಿಲ್ಲದ್ದೇನೂ ಅಲ್ಲ, ಆದರೂ ಬರೆಯುತ್ತೇನೆ. ಅಷ್ಟು ಎತ್ತರದ ಕಟ್ಟಡದಲ್ಲಿ ಕೂತವರಿಗೆ ಮರೆತಿರಬಹುದು. ನಮ್ಮೂರಿನಲ್ಲಿ ತಾಯಿಯ ಗದ್ದೆ ಮಗಳಿಗೆ. ತಾಯಿ ಅದನ್ನು ಮಗಳ ಹೆಸರಿಗೆ ಹೇಳಿದ ಮೇಲೆ ವರ್ಷದ ಮೊದಲ ಹಿಡಿ ಪೈರನ್ನು ಮಗಳೇ ಊರಬೇಕು. ಎರಡು ವರ್ಷ ಬೇಕಾದರೆ ತಾಯಿ ಅವಳ ಬದಲಿಗೆ ಊರಬಹುದು. ನಾನು ಊರಿದ್ದೇನೆ. ಮೂರನೆಯ ವರ್ಷ ಮಗಳ ಕೈಯೇ ಆಗಬೇಕು, ಇಲ್ಲವಾದರೆ ಗದ್ದೆ ಹತ್ತಿರದ ಹೆಣ್ಣಿಗೆ, ಅಂದರೆ ಕ್ಲಾರಿಟಾಗೆ. ಇದು ಮೂರನೆಯ ವರ್ಷ ಎಂಬುದನ್ನು ನಾನು ಅಕ್ಟೋಬರಿನಲ್ಲಿ ಹೇಳಿದ್ದೆ, ಕ್ರಿಸ್‌ಮಸ್ಸಿಗೂ ಹೇಳಿದ್ದೆ. ನೀನು ಎರಡು ಸಲವೂ ಹೂಂ ಅಂದೆ.

ಬುಧವಾರ ಬೆಳಿಗ್ಗೆ ಸಸಿಮಡಿಯಿಂದ ಪೈರು ಕಿತ್ತು ಕಟ್ಟು ಕಟ್ಟಿಟ್ಟೆವು. ಹೆಂಗಸರೆಲ್ಲ ಬದುವಿನ ಮೇಲೆ ಕಾದು ನಿಂತರು. ಮಕ್ಕಳಿಗೆ ಕೆಳಗಿನ ಸಣ್ಣ ಮಡಿಯನ್ನು ಬಿಟ್ಟುಕೊಟ್ಟಿದ್ದೆವು, ಅಲ್ಲಿ ಅವರು ಏನು ಮಾಡಿದರೂ ಮಾರನೆಯ ದಿನ ನಾವು ಸದ್ದಿಲ್ಲದೆ ಸರಿಮಾಡುವುದು ಇದ್ದೇ ಇದೆ. ಆದರೆ ಮೇಲಿನ ನಮ್ಮ ಗದ್ದೆಗೆ ಮೊದಲ ಹಿಡಿ ಬೀಳದೆ ಯಾರೂ ಇಳಿಯುವ ಹಾಗಿರಲಿಲ್ಲ. ಮುಂದೆ ಏನು ಮಾಡುವುದೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕ್ಲಾರಿಟಾ ಕೂಡ ಕೇಳಲಿಲ್ಲ, ಕೆಸರಿನ ಕಡೆ ನೋಡುತ್ತಿದ್ದಳು. ಹೆಂಗಸರು ಎಲೆಯಡಿಕೆ ಹಾಕಿಕೊಳ್ಳಲು ಆ ಕಡೆ ತಿರುಗಿದ್ದಾಗ ಆ ಹುಡುಗಿ ಒಂದು ಹಿಡಿ ಪೈರು ತೆಗೆದುಕೊಂಡು ಮೇಲಿನ ಗದ್ದೆಗೆ ಇಳಿದುಬಿಟ್ಟಳು. ನಾವು ನೋಡುವಷ್ಟರಲ್ಲಿ ಐದಾರು ಬುಡ ಊರಿದ್ದಳು. ಚೆನ್ನಾಗಿಯೇ ಊರಿದ್ದಳು, ಬೇರು ಮಡಚದ ಹಾಗೆ.

"ಅಯ್ಯೋ ಅಯ್ಯೋ, ಹೊರಗಿನವ್ಳ ಕೈ!" ಎಂದು ಕ್ಲಾರಿಟಾ ಕೂಗಿದಳು. ಅಲ್ಲಿಗೆ ಎಲ್ಲ ಕೆಲಸ ನಿಂತಿತು.

ಮಧ್ಯಾಹ್ನ ಹಿರಿಯರು ಕಲ್ಲುಕಟ್ಟೆಯ ಮೇಲೆ ಕೂತರು. ನಿನ್ನ ಕಾಲೇಜಿನ ಮೇಡಂ ಬೆವರುತ್ತಿದ್ದರು, ಆ ಚಳಿಯಲ್ಲೂ. ಬಲುಸ್ದಾನ್ ನನ್ನ ಕಡೆ ತಿರುಗಿದರು. "ಫೆಲಿಸಾ, ಒಂದೇ ಮಾತು ಹೇಳು. ಪೈರು ನೀನು ಕೊಟ್ಯಾ, ಅವ್ಳೇ ತಗೊಂಡ್ಳಾ?" ಎಂದು ಕೇಳಿದರು.

ಆ ಪ್ರಶ್ನೆಯ ಭಾರ ನಿನಗೆ ತಿಳಿಯುತ್ತದೆ. ಅವಳೇ ತೆಗೆದುಕೊಂಡಿದ್ದರೆ ಅದು ಅರಿಯದ ತಪ್ಪು, ಲೆಕ್ಕಕ್ಕಿಲ್ಲ. ಗದ್ದೆಯ ಒಡತಿ ತನ್ನ ಕೈಯಾರೆ ಬೇರೆಯವಳಿಗೆ ಕೊಟ್ಟಿದ್ದರೆ ಮಗಳನ್ನು ಬಿಟ್ಟುಕೊಟ್ಟಳೆಂದು ಅರ್ಥ. ಹೊರಗಿನವಳಿಗೆ ಗದ್ದೆ ಸಲ್ಲುವುದಿಲ್ಲ, ನೇರವಾಗಿ ಕ್ಲಾರಿಟಾಗೆ ಹೋಗುತ್ತದೆ. ನಾನು, "ಅವಳೇ ತಗೊಂಡ್ಳು" ಎಂದೆ. ರೋಡೆಲ್ ಹುಡುಗಿಯನ್ನು ಕೇಳಿದ. ಅವಳು ನನ್ನ ಮುಖ ನೋಡಿ, "ಹೌದು, ನಾನೇ ತಗೊಂಡೆ, ತಪ್ಪಾಯ್ತು" ಎಂದಳು. ಮೇಡಂ ಎಲ್ಲರೆದುರು ಅವಳನ್ನು ಬೈದರು. ಹುಡುಗಿ ಅತ್ತಳು. ಉಳಿದ ಎರಡು ದಿನ ಅವಳನ್ನು ಗದ್ದೆಯ ಹತ್ತಿರವೂ ಬಿಡಲಿಲ್ಲ.

ಹಿರಿಯರು ದೊಡ್ಡ ಮನಸ್ಸು ಮಾಡಿದರು. ಅವಳು ಊರಿದ್ದನ್ನು ಕಿತ್ತು, ಯಾರ ಹೆಸರೂ ಹೇಳದೆ ನಾಟಿ ಮುಗಿಸಿ ಎಂದರು. ಹೀಗೊಂದು ಅಡ್ಡಿ ಬಂದದ್ದರಿಂದ ನಿನಗೆ ಜೂನ್ ತನಕ ಅವಕಾಶ. ಕೊಯ್ಲಿನ ಮೊದಲ ಹಿಡಿಯನ್ನು ನೀನು ಕೊಯ್ದರೆ ಗದ್ದೆ ನಿನ್ನದು. "ಕಾಯೋದು ಅಭ್ಯಾಸ ಆಗಿದೆ ಬಿಡಿ ಚಿಕ್ಕಮ್ಮಾ" ಎಂದ ಕ್ಲಾರಿಟಾ ಅಂದೇ ನನ್ನ ಜೊತೆ ಸಂಜೆಯವರೆಗೆ ಬಗ್ಗಿ ನಾಟಿ ಮಾಡಿದಳು.

ನಿನ್ನ ಐದು ಪ್ರಶ್ನೆಗೆ ಇದರಲ್ಲಿ ಉತ್ತರ ಸಿಗುತ್ತದೆ. ಅವಳು ಊರಿನ ಕಟ್ಟಳೆ ಮುರಿದಳೆಂದು ಕಾಲೇಜು ಅವಳ ಪ್ರಮಾಣಪತ್ರ ತಡೆಹಿಡಿದಿದೆ ಎಂದು ಬರೆದಿದ್ದೀಯ. ನನ್ನ ಹೇಳಿಕೆಗೆ ಸಹಿ ಹಾಕಿ ಕಳಿಸಬೇಕಂತೆ. ಆ ಹಾಳೆಯನ್ನು ಖಾಲಿಯಾಗಿಯೇ ಇದರ ಜೊತೆ ಇಟ್ಟಿದ್ದೇನೆ. ಹೊಟ್ಟೆಗೆ ಸರಿಯಾಗಿ ತಿನ್ನು. ಕಾಫಿಬೀಜ ಎರಡು ಡಬ್ಬಿ ಕಳಿಸಿದ್ದೇನೆ, ಕಚೇರಿಯವರಿಗೆ ಹಂಚಿ ಮುಗಿಸಬೇಡ.

ಸಿಟ್ಟು ಇನ್ನೂ ಇಳಿಯದ,
ನಿನ್ನ ಇನಾ
ಫೆಲಿಸಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ.

ಆ ಹುಡುಗಿ ತಾನಾಗಿ ತೆಗೆದುಕೊಳ್ಳಲಿಲ್ಲ. ನಾನು ಕೊಟ್ಟೆ. ಅಷ್ಟು ಹೊತ್ತೂ ನಾನು ಕೆಳಗಿನ ರಸ್ತೆ ನೋಡುತ್ತಿದ್ದೆ. ಬೇರೆ ಜೀಪ್ನಿ ಹಿಡಿದು ಬಂದುಬಿಡುತ್ತೀಯೇನೋ ಎಂಬ ಹುಚ್ಚು. ಅವಳು ಪಕ್ಕದಲ್ಲಿ ಬಂದು ನಿಂತು, "ಇನಾ, ನಾನು ಏನಾದ್ರೂ ಮಾಡ್ಲಾ?" ಎಂದು ಕೇಳಿದಳು. ಐದು ದಿನದಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. ನನಗೆ ಏನಾಯಿತೋ, ಪೈರನ್ನು ಅವಳ ಕೈಗಿಟ್ಟು, ಅವಳ ಬೆರಳು ಹಿಡಿದು ಹೇಗೆ ಊರಬೇಕೆಂದು ತೋರಿಸಿದೆ. ಕೈತಪ್ಪಿ ಆದದ್ದಲ್ಲ, ಜೊವಿಟಾ. ಆ ಗಳಿಗೆಯಲ್ಲಿ ನಿನ್ನನ್ನು ನಾನು ನಿಜವಾಗಿಯೂ ಬಿಟ್ಟುಕೊಟ್ಟಿದ್ದೆ. ಕಲ್ಲುಕಟ್ಟೆಯ ಮುಂದೆ ನಿಂತಾಗ ಮತ್ತೆ ನಿನ್ನ ಆಸೆ ಬಂತು, ಸುಳ್ಳು ಹೇಳಿದೆ. ಅದು ಸುಳ್ಳೆಂದು ಗೊತ್ತಿದ್ದೂ ಆ ಮಗು ತಪ್ಪನ್ನು ತನ್ನ ತಲೆಗೆ ಹಾಕಿಕೊಂಡಿತು. ಹೊರಡುವಾಗ ನನ್ನ ಕಾಲಿಗೆ ಬಾಗಿ ಹೋದಳು, ನಾನು ಅವಳ ಮುಖ ನೋಡಲಿಲ್ಲ.

ನಿಜವನ್ನು ಆ ಖಾಲಿ ಹಾಳೆಯ ಮೇಲೆ ಬರೆದು ಕಾಲೇಜಿಗೆ ಕೊಡು, ಕೆಳಗೆ ಈಗ ನನ್ನ ಸಹಿ ಹಾಕಿದ್ದೇನೆ. ಕೊಟ್ಟರೆ ಸುದ್ದಿ ರೋಡೆಲ್ ಬಾಯಿಂದ ವಾರದೊಳಗೆ ಇಲ್ಲಿಗೆ ಬರುತ್ತದೆ, ಗದ್ದೆ ಕ್ಲಾರಿಟಾಗೆ ಹೋಗುತ್ತದೆ, ಬಲುಸ್ದಾನ್ ಎದುರು ನಾನು ತಲೆ ತಗ್ಗಿಸುತ್ತೇನೆ. ಜೂನಿನಲ್ಲಿ ಖಂಡಿತ ಬರುತ್ತೀಯಾದರೆ ಹೇಳು, ಈ ಪಾಪವನ್ನು ಅಲ್ಲಿಯವರೆಗೆ ಹೇಗಾದರೂ ಹೊತ್ತುಕೊಂಡಿರುತ್ತೇನೆ. ಬರುವ ಮನಸ್ಸಿಲ್ಲದಿದ್ದರೆ ಇವತ್ತೇ ಬರೆದುಕೊಡು. ಬಾರದ ಮಗಳಿಗಾಗಿ ಆ ಹುಡುಗಿ ಯಾಕೆ ತಪ್ಪಿತಸ್ಥೆಯಾಗಿರಬೇಕು?